ಪೊನ್ನುಸಾಮಿಯ ಪಂಚೆ

ಈ ಊರಿನ ಯಾವ ಗಂಡಸಿನ ಮೈಯೊಳಗೆ ಏನು ಕೊಳೆಯುತ್ತಿದೆ ಅನ್ನುವುದು ವೈದ್ಯನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನಾನು ಅಗಸಗಿತ್ತಿ, ಪಿಚ್ಚೈಯಮ್ಮಾಳ್. ತಮಿಳು ಸೀಮೆಯ ಕಂಬಂ ಕಣಿವೆಯ ಈ ಊರಿನಲ್ಲಿ ಕನ್ನಡ ಮಾತಾಡುವ ಒಕ್ಕಲಿಗರ ಅರವತ್ತು ಮನೆ. ಅಷ್ಟೂ ಮನೆಯ ಕೊಳೆ ನನ್ನ ಬೆನ್ನ ಮೇಲೆ ಹೊಳೆಗೆ ಹೋಗುತ್ತದೆ, ಬಿಳಿ ಬಟ್ಟೆಯಾಗಿ ನನ್ನ ಬೆನ್ನ ಮೇಲೆಯೇ ವಾಪಸು ಬರುತ್ತದೆ. ಎಷ್ಟೋ ತಲೆಮಾರಿನ ಹಿಂದೆ ಅವರು ದನ ಹೊಡೆದುಕೊಂಡು ಘಟ್ಟ ಇಳಿದು ಬಂದಾಗ ಅವರ ಮೈಲಿಗೆ ಹೊತ್ತುಕೊಂಡು ನಮ್ಮವರೂ ಹಿಂದೆಯೇ ಬಂದರಂತೆ. ಅದಕ್ಕೇ ನಮ್ಮ ಬಾಯಲ್ಲೂ ಅವರದೇ ಮಾತು. ಮಾತು ಒಂದೇ ಆದರೂ ಅವರ ಜಗಲಿ ನಾವು ಹತ್ತುವಂತಿಲ್ಲ.

ಹೆಣ್ಣು ಮೈನೆರೆದರೆ, ಹೆತ್ತರೆ, ಮನೆಯಲ್ಲಿ ಸಾವಾದರೆ ನಾವು ಮಡಿ ಬಟ್ಟೆ ಕೊಡಬೇಕು. ಅದಕ್ಕೆ ಮಾತ್ತು ಅನ್ನುತ್ತಾರೆ. ಆ ಮಾತ್ತು ಉಟ್ಟ ಮೇಲೆಯೇ ಅವರು ಶುದ್ಧ. ಮದುವೆಯ ಚಪ್ಪರದೊಳಗೆ ಬಿಳಿ ಮೇಲ್ಕಟ್ಟು ಕಟ್ಟುವವರು ನಾವು, ಗಂಡು ಹೆಣ್ಣು ನಡೆಯುವ ದಾರಿಗೆ ಬಟ್ಟೆ ಹಾಸುವವರೂ ನಾವು. ನಾವು ಹಾಸದೆ ಮದುವೆ ಇಲ್ಲ. ಹಾಸಿದ ಮೇಲೆ ನಾವು ಅಲ್ಲಿ ನಿಲ್ಲುವ ಹಾಗಿಲ್ಲ. ನಾವು ಒಗೆದದ್ದು ಮಡಿ, ಒಗೆದ ನಾವು ಮೈಲಿಗೆ. ಇದನ್ನು ಯಾವ ಪುಣ್ಯಾತ್ಮ ಯೋಚಿಸಿ ಮಾಡಿದನೋ, ಅವನು ಒಂದು ದಿನವೂ ಬಟ್ಟೆ ಒಗೆದಿರಲಿಕ್ಕಿಲ್ಲ.

ಮಲೆಯ ಮೇಲೆ ಪೆರಿಯಾರ್ ಅಣೆ ಕಟ್ಟುತ್ತಿದ್ದ ಕಾಲ. ನಮ್ಮೂರ ಪೊನ್ನುಸಾಮಿ ಜೋಡೆತ್ತಿನ ಬಂಡಿಯಲ್ಲಿ ಸುಣ್ಣ ಹೇರಿಕೊಂಡು ಘಟ್ಟ ಹತ್ತುತ್ತಿದ್ದ. ಮನೆಗೆ ಬರುವುದು ತಿಂಗಳಿಗೊಮ್ಮೆ. ತಂಗಮ್ಮಾಳನ್ನು ಮದುವೆಯಾಗಿ ಆರು ತಿಂಗಳಾಗಿತ್ತು. ಒಂದು ದಿನ ಅವನ ತಾಯಿ ಕಾಳಿಯಮ್ಮಾಳ್ ಬಟ್ಟೆ ಗಂಟಿನಿಂದ ಒಂದು ಪಂಚೆಯನ್ನು ಬೇರೆ ಮಾಡಿ ನನ್ನ ಮುಂದೆ ಎಸೆದಳು.

"ಏಯ್ ಪಿಚ್ಚೆ, ಇದನ್ನ ಬೇರೆ ಒಗಿ. ಯಾರ ಬಟ್ಟೆ ಜತೇನೂ ಸೇರಿಸ್ಬ್ಯಾಡ."

"ಏನಮ್ಮಾ ಇದು?"

"ಸೂಡು. ಬಂಡಿ ಮೇಲೆ ಕೂತು ಕೂತು ಮೈಗೆ ಸೂಡು ಏರೈತೆ. ಒಗಿ ಅಂದ್ರೆ ಒಗಿ."

ಪಂಚೆಯ ಮುಂಭಾಗದಲ್ಲಿ ಹಳದಿ ಹಸಿರು ಕೀವಿನ ಕಲೆ, ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಸೂಡು ಅಂದರೆ ಉಷ್ಣ. ಮಲೆಗೆ ಹೋಗಿ ಬಂದ ಗಂಡಸರ ಈ ಕೀವಿನ ಕಾಯಿಲೆಗೆ ವೆಟ್ಟೆ ಅನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಇಪ್ಪತ್ತು ದಿನ ಕಳೆದ ಮೇಲೆ ತಂಗಮ್ಮಾಳ ಸೀರೆಯಲ್ಲೂ ಅದೇ ಬಣ್ಣ ಕಂಡಿತು, ಸ್ವಲ್ಪ. ಆಮೇಲೆ ಕಾಣಲಿಲ್ಲ. ಅವಳ ಮೊದಲ ಮಗು ಗಂಡು. ಹುಟ್ಟಿದಾಗ ನೆಟ್ಟಗಿತ್ತು. ಮೂರನೆಯ ದಿನ ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಂಡವು, ಸಂದಿಯಿಂದ ಕೀವು ಹರಿಯಿತು. ಹತ್ತು ದಿನದಲ್ಲಿ ಎರಡೂ ಕಣ್ಣು ಬೆಳ್ಳಗಾದವು. ಎಂಟು ತಿಂಗಳು ಬದುಕಿ ಸತ್ತುಹೋಯಿತು. ನಾಗರ ಶಾಪ ಅಂದರು. ತಾಯಿಯ ದೋಷ ಅಂದರು. ತಂದೆಯ ಪಂಚೆಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದನ್ನು ನೋಡಿದ್ದವರು ಇಬ್ಬರೇ, ಅವನ ತಾಯಿ ಮತ್ತು ನಾನು.

ಮರುವರ್ಷ ತಂಗಮ್ಮಾಳ್ ಮತ್ತೆ ಬಸುರಿ. ಪೊನ್ನುಸಾಮಿಯ ಪಂಚೆ ಐದಾರು ತಿಂಗಳು ಚೊಕ್ಕಟವಾಗಿತ್ತು, ಮತ್ತೆ ಕೆಟ್ಟಿತು. ಆ ದಿನ ಕೊಟ್ಟ ಪಂಚೆ ಇನ್ನೂ ಒದ್ದೆಯಾಗಿತ್ತು. ಮೊಣಕಾಲು ನೀರಿನಲ್ಲಿ ನಿಂತು ಕಲೆಯನ್ನು ಉಜ್ಜುತ್ತಿದ್ದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಬೆವರು ಎಡಗಣ್ಣಿಗೆ ಇಳಿಯಿತು. ಅದೇ ಕೈಯಿಂದ ಒರೆಸಿಕೊಂಡೆ. ಇಷ್ಟೇ ನಾನು ಮಾಡಿದ್ದು.

ಎರಡು ದಿನ ಬಿಟ್ಟು ಕಣ್ಣು ಊದಿತು. ರೆಪ್ಪೆ ಬಿಡಿಸಿದರೆ ಕೀವು. ನನ್ನ ಗಂಡ ಅಯ್ಯನಾರ್ ಕೊತ್ತಂಬರಿ ನೀರು ಹಾಕಿದ, ಎದೆಹಾಲು ಬೇಡಿ ತಂದು ಹಾಕಿದ. ನೋವಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಂಡೆ. ಕೊನೆಗೆ ಹತ್ತಿ ಬಂಡಿಗಳ ಸಾಲು ಹೊರಟಾಗ ಕಾಲು ಹಿಡಿದು ಬೇಡಿ, ಬಂಡಿಗಳ ಹಿಂದೆ ನಡೆದು ನಾಲ್ಕು ದಿನಕ್ಕೆ ದಿಂಡಿಗಲ್ ಸೇರಿದೆವು. ಅಲ್ಲಿ ಪಾದ್ರಿಗಳ ಆಸ್ಪತ್ರೆಯಲ್ಲಿ ನಮ್ಮ ಕಡೆಯವಳೇ ಒಬ್ಬ ನರ್ಸಮ್ಮ ಇದ್ದಳು. ಎಡಗಣ್ಣು ಹೋಯಿತು, ಬಲಗಣ್ಣು ಉಳಿಸಿದ್ದೀವಿ ಅಂದಳು. ಏನು ಮುಟ್ಟಿದ್ದೆ ಅಂತ ಕೇಳಿದಳು. ಹೇಳಿದೆ. ಆಗ ಅವಳು ಬಾಗಿಲು ಮುಂದೆ ಮಾಡಿ ಬಂದು ನನ್ನ ಪಕ್ಕ ಕೂತಳು.

ಅದು ಸೂಡಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಅಂದಳು. ಗಂಡಸಿನಿಂದ ಹೆಂಗಸಿಗೆ, ಹೆಂಗಸಿನಿಂದ ಗಂಡಸಿಗೆ, ಕೂಡುವಾಗ ದಾಟುತ್ತದೆ. ಗಂಡಸಿಗೆ ಉರಿಮೂತ್ರ, ಕೀವು. ಹೆಂಗಸಿಗೆ ಎಷ್ಟೋ ಸಾರಿ ಹೊರಗೆ ಏನೂ ಕಾಣದೆ ಒಳಗೇ ಸೇರಿಕೊಂಡು ಗರ್ಭವನ್ನೇ ಕೆಡಿಸುತ್ತದೆ. ಕಲೆ ನಿಂತ ಮಾತ್ರಕ್ಕೆ ಕಾಯಿಲೆ ಹೋಯಿತು ಅಂತಲ್ಲ. ಹೆರುವಾಗ ಅದೇ ಕೀವು ಮಗುವಿನ ಕಣ್ಣಿಗೆ ಹತ್ತುತ್ತದೆ. ಮಗು ಹೊರಗೆ ಬಂದ ಕೂಡಲೆ ಶುದ್ಧ ನೀರಿನಿಂದ ಕಣ್ಣು ಒರೆಸಿ, ಬೆಳ್ಳಿ ಮದ್ದಿನ ಒಂದೊಂದು ಹನಿ ಹಾಕಿದರೆ ಕಣ್ಣು ಉಳಿಯುತ್ತದೆ. ಗಂಡ ಹೆಂಡತಿ ಇಬ್ಬರೂ ಬರಬೇಕು, ಇಬ್ಬರಿಗೂ ಮದ್ದು ಮಾಡಬೇಕು, ವಾಸಿಯಾಗಿದೆ ಅಂತ ನಾವು ಹೇಳುವ ತನಕ ಇಬ್ಬರೂ ಕೂಡಬಾರದು. ಇಷ್ಟು ಹೇಳಿ, ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಸೋಪಿನಲ್ಲಿ ತೊಳೆದು ತೋರಿಸಿದಳು. ನನ್ನ ಕೈ ತೊಳೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ನಾನು ಅತ್ತುಬಿಟ್ಟೆ.

ಊರಿಗೆ ಬಂದಾಗ ತಂಗಮ್ಮಾಳಿಗೆ ಏಳು ತಿಂಗಳು. ನಾನು ಓಡಿಹೋಗಿ ಎಲ್ಲವನ್ನೂ ಕಾಳಿಯಮ್ಮಾಳಿಗೆ ಹೇಳಿದೆ. ದಿಂಡಿಗಲ್ಲಿಗೆ ಕರೆದುಕೊಂಡು ಹೋಗಿ ಅಂದೆ. ಅವಳು ಕೈಗೆ ಸಿಕ್ಕಿದ ಒನಕೆ ಎತ್ತಿದಳು.

"ನನ್ ಮಗನ ಪಂಚೆ ಒಗೆಯೋಳು ನೀನು. ಪಂಚೆ ಓದೋಳಲ್ಲ. ಇನ್ನೊಂದ್ಸಲ ಈ ಮಾತು ಬಾಯಿಗೆ ಬಂತೋ, ಆ ಇನ್ನೊಂದು ಕಣ್ಣೂ ಇರಾಕಿಲ್ಲ."

ನಾನು ಬಾಯಿ ಮುಚ್ಚಿಕೊಂಡೆ. ಭಯವಾಗಿತ್ತು. ಎರಡು ತಿಂಗಳ ಮೇಲೆ ತಂಗಮ್ಮಾಳ್ ಹೆಣ್ಣು ಹೆತ್ತಳು. ಮೂರನೆಯ ದಿನ ಅದರ ರೆಪ್ಪೆಗಳೂ ಊದಿದವು. ಆ ಬಾಣಂತಿ ಬಟ್ಟೆಗಳನ್ನು ಕೋಲಿನಿಂದ ಎತ್ತಿ ನೇರವಾಗಿ ಉಬ್ಬೆಯ ಕೊಪ್ಪರಿಗೆಗೆ ಹಾಕಿ ಬೇಯಿಸುತ್ತಿದ್ದಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನನ್ನ ಕೈ ಕಾಪಾಡಿಕೊಳ್ಳಲು ಕಲಿತಿದ್ದೆ. ಮಗುವಿನ ಕಣ್ಣು ಕಾಪಾಡಲಿಲ್ಲ.

ಇದಾಗಿ ಮೂರು ವರ್ಷ. ಅಣೆ ಮುಗಿದು, ಗುಡ್ಡ ಕೊರೆದ ಸುರಂಗದಿಂದ ಪೆರಿಯಾರ್ ನೀರು ನಮ್ಮ ಹೊಳೆಗೆ ಬಿದ್ದ ಮರುವರ್ಷ. ಊರೆಲ್ಲ ಹೊಸ ಗದ್ದೆಯ ಖುಷಿಯಲ್ಲಿತ್ತು. ಒಂದು ಬೆಳಿಗ್ಗೆ ತಂಗಮ್ಮಾಳ್ ಕುರುಡು ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಹೊಳೆದಂಡೆಗೆ ಬಂದಳು.

"ಪಿಚ್ಚೆ, ನಮ್ಮನೇಲಿ ಮದ್ವೆ."

"ಯಾರ್ದಮ್ಮಾ?"

"ಅವ್ರ್ದೇ. ನನ್ ತಂಗಿ ಜತೆ."

ಅವಳ ತಂಗಿ ಮುನಿಯಮ್ಮಾಳ್ ತಂದೆ ತಾಯಿ ಸತ್ತ ಮೇಲೆ ಅಕ್ಕನ ಮನೆಯಲ್ಲೇ ಬೆಳೆದವಳು. ಹದಿನಾಲ್ಕು ವರ್ಷ. ಮೈನೆರೆದಾಗ ಮಾತ್ತು ಕೊಟ್ಟವಳು ನಾನೇ, ಇನ್ನೂ ಮೂರು ತಿಂಗಳಾಗಿಲ್ಲ.

"ನನ್ ಹೊಟ್ಟೇನೇ ಕೆಟ್ಟೈತಂತೆ, ಅತ್ತೆ ಹೇಳ್ತಾರೆ," ಅಂದಳು ತಂಗಮ್ಮಾಳ್. "ಹೆತ್ತ ಎರಡೂ ಕುರುಡು. ಈಗ ಬಸುರಾಗೋದೂ ನಿಂತೋತು. ತಿಂಗ್ಳು ತಿಂಗ್ಳು ಕಿಬ್ಬೊಟ್ಟೆ ಹಿಡ್ಕೊಂಡು ಉರುಳಾಡ್ತೀನಿ. ನಾನೇ ಅಲ್ವಾ ಪಾಪಿ? ಬೇರೆ ಯಾವಳೋ ಬರೋ ಬದ್ಲು ತಂಗಿ ಬಂದ್ರೆ ಈ ಕುರುಡು ಪುಳ್ಳೇನ ನೋಡ್ಕೊಂಡಾಳು ಅಂತ ಒಪ್ಕೊಂಡೆ."

ಇನ್ನು ಮುಚ್ಚಿಡಲಾಗಲಿಲ್ಲ. ನೀರಿನಿಂದ ಮೇಲೆ ಬಂದು ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ಮೊದಲು ಅವನ ಪಂಚೆ, ಆಮೇಲೆ ನಿನ್ನ ಸೀರೆ, ಆಮೇಲೆ ಮಕ್ಕಳ ಕಣ್ಣು, ಆಮೇಲೆ ನನ್ನ ಕಣ್ಣು. ಯಾವುದರ ಹಿಂದೆ ಯಾವುದು ಬಂತು ಅನ್ನುವುದು ಒಗೆದವಳಿಗೆ ಮರೆಯುವುದಿಲ್ಲ. ನಿನ್ನಲ್ಲಿ ತಪ್ಪಿಲ್ಲ ಅಂದೆ. ಅವಳು ಮಗಳ ತಲೆ ನೇವರಿಸಿದಳು.

"ಆಗ್ಲೇ ಹೇಳಿದ್ರೆ ಇವ್ಳಿಗೆ ಕಣ್ಣು ಇರ್ತಿತ್ತಾ?"

"ಇರ್ತಿತ್ತಮ್ಮಾ."

ಹೊಡೆಯಲಿ ಅಂತ ಕಾದೆ. ಹೊಡೆಯಲಿಲ್ಲ. ಎದ್ದು ನಿಂತು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ನನ್ ತಂಗಿ ಕತೆ ಹಿಂಗಾಗ್ಬಾರ್ದು ಪಿಚ್ಚೆ. ನಾನು ಹೇಳಿದ್ರೆ ಸವತಿ ಸಂಕಟ ಅಂತಾರೆ. ನೀನು ಹೇಳು."

ಮಾರನೆಯ ದಿನ ಕಾಳಿಯಮ್ಮಾಳ್ ತಾನೇ ನಮ್ಮ ಗುಡಿಸಲಿನ ಬೇಲಿಯ ಹತ್ತಿರ ಬಂದಳು. ಒಂದು ಮೊರ ಸಜ್ಜೆ ತಂದಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಸೊಸೆ ಏನೋ ಬಾಯಿ ಬಿಟ್ಟಿರಬೇಕು.

"ನೋಡು ಪಿಚ್ಚೆ, ಗಂಡಸು ಮೇಲಕ್ಕೂ ಕೆಳಕ್ಕೂ ಹೋಗಿ ಬಂದೋನು. ಸೂಡು ಹತ್ತೈತೆ. ವೈತ್ಯರೇ ಹೇಳವ್ರೆ, ಹೊಸ ಹುಡ್ಗಿ ಮೈ ಸೇರಿದ್ರೆ ಸೂಡು ಇಳಿತೈತಂತೆ. ಮೂರೇ ತಿಂಗ್ಳು. ನೀನು ಸುಮ್ಕೆ ಮೇಲ್ಕಟ್ಟು ಕಟ್ಟು."

ಆಗ ನನಗೆ ಪೂರ್ತಿ ಅರ್ಥವಾಯಿತು. ಮೊಮ್ಮಗನಿಗಾಗಿ ಅಲ್ಲ ಈ ಮದುವೆ. ಮಗನಿಗೆ ಮದ್ದು ಅಂತ ಆ ಹುಡುಗಿಯನ್ನು ಅರೆಯಲು ಹೊರಟಿದ್ದರು. ಎಲ್ಲ ಗೊತ್ತಿದ್ದೇ ಹೊರಟಿದ್ದರು. 

"ಪೊನ್ನುಸಾಮಿ ಗೌಡ್ರಿಂದ ಇಳಿಯಾಕಿಲ್ಲಮ್ಮಾ," ಅಂದೆ. "ಆ ಹುಡ್ಗಿಗೆ ಏರ್ತೈತೆ ಅಷ್ಟೇ."

ಅವಳು ಸಜ್ಜೆಯ ಮೊರವನ್ನು ಅಲ್ಲೇ ನೆಲಕ್ಕೆ ಬೀಳಿಸಿ ಹೋದಳು. ಕತ್ತೆಗಳು ತಿಂದವು.

ಅಯ್ಯನಾರ್ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಹೆದರುಪುಕ್ಕಲ, ಆದರೆ ಸುಳ್ಳ ಅಲ್ಲ. "ಬ್ಯಾಡ ಪಿಚ್ಚೆ. ಹೊಳೆ ಬಿಡಿಸ್ತಾರೆ. ಬಟ್ಟೆ ಕೊಡಾಕಿಲ್ಲ. ಎಲ್ಲಿಗೆ ಹೋಗಾಣ?" ಅಂದ. ಒಂದು ಸಾರಿ ಬಾಯಿ ಮುಚ್ಚಿಕೊಂಡದ್ದು ಏನಾಯಿತು ಅಂತ ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ಮದುವೆಗೆ ಮೂರು ದಿನ ಇರುವಾಗ ಆಲದ ಮರದಡಿ ಕಂಬಳಿ ಹಾಸಿದರು. ಒಕ್ಕಲಿಗರ ಕುಲದ ಕಟ್ಟೆ ಕೂಡುವುದು ಕಂಬಳಿಯ ಮೇಲೆ. ನಡುವೆ ನೀರು ತುಂಬಿದ ಮಡಕೆ, ಅದರೊಳಗೆ ಬೇವಿನ ಸೊಪ್ಪು. ಅದರ ಮುಂದೆ ಸುಳ್ಳು ಹೇಳಬಾರದು. ದೊಡ್ಡಗೌಡ ನಡುವೆ ಕೂತಿದ್ದ, ಸುತ್ತ ಹದಿನೈದಿಪ್ಪತ್ತು ಗಂಡಸರು. ಹೆಂಗಸರು ಗೋಡೆಯಾಚೆ. ಕೂಗಳತೆಯ ದೂರದಲ್ಲಿ, ಬಿಸಿಲಿನಲ್ಲಿ, ನಾನು ಮತ್ತು ಅಯ್ಯನಾರ್. ಎರಡನೆಯ ಮದುವೆಗೆ ಕುಲದ ಒಪ್ಪಿಗೆಯಾಯಿತು. ಆಮೇಲೆ ಪದ್ಧತಿಯಂತೆ ಅಗಸನನ್ನು ಕರೆದು, ಮೇಲ್ಕಟ್ಟಿನ ಕೆಲಸಕ್ಕೆ ವೀಳ್ಯವನ್ನು ನೆಲದ ಮೇಲೆ ಇಟ್ಟರು. ನಾವು ಎತ್ತಿಕೊಂಡರೆ ಒಪ್ಪಿದಂತೆ.

ಅಯ್ಯನಾರ್ ಬಗ್ಗಿದ. ನಾನು ಅವನ ತೋಳು ಹಿಡಿದೆ.

"ಎತ್ಕೊಳಾಕಿಲ್ಲ ಸಾಮಿ."

"ಏನಂದೆ?" ದೊಡ್ಡಗೌಡನಿಗೆ ಕೇಳಿಸಿತ್ತು. ಮತ್ತೆ ಹೇಳಿಸಬೇಕು, ಅಷ್ಟೇ.

"ಈ ಮದ್ವೆಗೆ ಮೇಲ್ಕಟ್ಟು ಕಟ್ಟಾಕಿಲ್ಲ. ದಾರಿಗೆ ಬಟ್ಟೆ ಹಾಸಾಕಿಲ್ಲ."

ಸೆರಗಿನೊಳಗಿಂದ ಪೊನ್ನುಸಾಮಿಯ ಪಂಚೆ ತೆಗೆದೆ. ಆ ವಾರ ಬಂದದ್ದು, ಒಗೆಯದೆ ಇಟ್ಟಿದ್ದೆ. ಕಂಬಳಿಯ ಹತ್ತಿರ ನಾನು ಹೋಗಬಾರದು. ಹೋದೆ. ಮಡಕೆಯ ಮುಂದೆ ಪಂಚೆ ಹಾಸಿದೆ. ಮೂಲೆಯಲ್ಲಿ ಗೇರಿನ ಹಾಲಿನಿಂದ ನಾನೇ ಹಾಕಿದ ಮನೆಗುರುತು, ಮೂರು ಚುಕ್ಕಿ ಒಂದು ಗೀರು. ನಡುವೆ ಕೀವಿನ ಕಲೆ.

"ಇದು ಪೊನ್ನುಸಾಮಿ ಗೌಡ್ರ ಪಂಚೆ. ತಂಗಮ್ಮಾಳಮ್ಮ ಬಸುರಾಗೋಕೆ ಮುಂಚಿಂದ ಹಿಂಗೇ ಬತ್ತಾ ಐತೆ. ಆಯಮ್ಮನ ಹೊಟ್ಟೆ ಕೆಡಿಸಿದ್ದು ಇದು. ಎರಡು ಪುಳ್ಳೆ ಕಣ್ಣು ತಿಂದದ್ದು ಇದು. ನನ್ನ ಕಣ್ಣು ತಿಂದದ್ದೂ ಇದೇ. ಗೌಡ್ರು ದಿಂಡಿಗಲ್ಲಿಗೆ ಹೋಗ್ಲಿ, ಮದ್ದು ಮಾಡಿಸ್ಕೊಳ್ಲಿ. ವಾಸಿ ಆಗೋ ತನ್ಕ ಯಾವ ಹೆಣ್ಣನ್ನೂ ಮುಟ್ಬಾರ್ದು."

ಪೊನ್ನುಸಾಮಿ ತಲೆ ತಗ್ಗಿಸಿದ. ನಾಚಿಕೆಗಲ್ಲ, ನಗು ಮುಚ್ಚಿಕೊಳ್ಳಲು. ಯಾರೋ ಕಿಸಕ್ಕಂದರು. ದೊಡ್ಡಗೌಡ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ.

"ಗಂಡಸಿಗೆ ಸೂಡು ಆಗೋದು ಹೊಸದಾ? ಮಲೆಗೆ ಹೋದೋರಿಗೆಲ್ಲ ಆಗೈತೆ. ಬಟ್ಟೆ ಒಗೆಯೋ ವಣ್ಣಾತ್ತಿ ಬಂದು ನಮ್ಗೆ ವೈತ್ಯ ಹೇಳ್ತಾವ್ಳೆ."

ಆ ನಗು ನನ್ನ ಮೈಗೆ ಉರಿ ಹಚ್ಚಿತು. ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಆಗೈತೆ ಸಾಮಿ, ನನಗೆ ಗೊತ್ತು. ಈ ಕಂಬ್ಳಿ ಮೇಲೆ ಕೂತೋರಲ್ಲೇ ಏಳು ಮನೆ ಗುರುತು ಇಂಥ ಪಂಚೇಲಿ ನೋಡಿವ್ನಿ. ಒಂದೊಂದಾಗಿ ಹೇಳ್ಲಾ? ನಿಮ್ಮನೆ ಗುರುತಿಂದ್ಲೇ ಸುರು ಮಾಡ್ಲಾ?"

ನಗು ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗೋಡೆಯಾಚೆ ಹೆಂಗಸರ ಗುಸುಗುಸು ಎದ್ದಿತು. ಒಬ್ಬಳು "ಅಯ್ಯೋ ತಾಯೇ" ಅಂದದ್ದು ನನಗೆ ಕೇಳಿಸಿತು. ಆಮೇಲೆ ಗಂಡಸರೆಲ್ಲ ಒಟ್ಟಿಗೆ ಎದ್ದರು.

ಹೊಡೆದದ್ದು ಅಯ್ಯನಾರ್‌ನನ್ನು. ಹುಣಿಸೆ ಬರಲು ಮುರಿಯುವ ತನಕ ಹೊಡೆದರು. ನನ್ನ ಕೂದಲು ಹಿಡಿದು ನಿಲ್ಲಿಸಿ ನೋಡು ಅಂದರು. ಒಂದು ಕಣ್ಣಿನಿಂದ ನೋಡಿದೆ. ನಮ್ಮ ಉಬ್ಬೆಯ ಕೊಪ್ಪರಿಗೆ ಒಡೆದರು. ಹೊಳೆ ನಮಗಿಲ್ಲ ಅಂದರು. ಮದುವೆ ಮುಗಿಯುವುದರೊಳಗೆ ಊರು ಬಿಡಬೇಕು, ಮೇಲ್ಕಟ್ಟಿಗೆ ಚಿನ್ನಮನೂರಿನಿಂದ ಬೇರೆ ಅಗಸ ಬರುತ್ತಾನೆ ಅಂದರು. ಅಲ್ಲಿಗೆ ನನ್ನ ಹಟ ಮುಗಿಯಿತು. ಅವರ ಮದುವೆ ನಿಲ್ಲಲಿಲ್ಲ. ಮೂರು ದಿನವೂ ಊರಿನಿಂದ ಮಸಾಲೆ ಅರೆಯುವ ಸದ್ದು ಬರುತ್ತಿತ್ತು. ಯಾವ ಮನೆಯಿಂದಲೂ ಒಬ್ಬ ಹೆಂಗಸೂ ನಮ್ಮ ಕಡೆ ಬರಲಿಲ್ಲ.

ಮದುವೆಯ ದಿನ ಹೊತ್ತು ಏರುವಾಗ ನಾನು ಬೇಲಿಯೊಳಗೆ ಸಜ್ಜೆ ಗಂಜಿ ಕಾಯಿಸುತ್ತಿದ್ದೆ. ಕುಡಿದು ಹೊರಡುವುದೆಂದು ಗಂಟು ಕಟ್ಟಿತ್ತು. ಅಯ್ಯನಾರ್ ಮಗ್ಗುಲಾಗಿ ಮಲಗಿದ್ದ, ಬೆನ್ನು ನೆಲಕ್ಕೆ ತಾಗಿಸುವಂತಿರಲಿಲ್ಲ. ಅಷ್ಟರಲ್ಲಿ ತಂಗಮ್ಮಾಳ್ ತಂಗಿಯ ಕೈ ಹಿಡಿದು ಓಡಿ ಬಂದಳು. ಮುನಿಯಮ್ಮಾಳಿನ ಮೈಗೆ ಅರಿಸಿನ ಮೆತ್ತಿತ್ತು, ಇನ್ನೂ ಒದ್ದೆ. ಸ್ನಾನಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ ಹಿತ್ತಲಿನಿಂದ ಎಳೆದು ತಂದಿದ್ದಳು.

"ಇವ್ಳಿಗೆ ಎಲ್ಲ ಹೇಳಿವ್ನಿ," ಅಂದಳು ತಂಗಮ್ಮಾಳ್ ಏದುಸಿರು ಬಿಡುತ್ತ. "ಗಂಜಿ ಹಾಕು ಪಿಚ್ಚೆ. ನಿನ್ ಕೈಯಿಂದ ಹಾಕು."

ಅಗಸರ ಮಡಕೆಯ ಅನ್ನ ಬಾಯಿಗೆ ಹೋದ ಹೆಣ್ಣನ್ನು ಅವರ ಕುಲದಲ್ಲಿ ಯಾವನೂ ಮದುವೆಯಾಗುವಂತಿಲ್ಲ. ಕಂಬಳಿ ಕೂತು ಹೊರಗೆ ಹಾಕುತ್ತದೆ. ಅವಳಿಗೆ ಆಮೇಲೆ ಮನೆ ಇಲ್ಲ, ನೀರಿಲ್ಲ, ಸತ್ತರೆ ಹೊರುವವರಿಲ್ಲ. ಹುಟ್ಟಿದಾಗಿನಿಂದ ಅವರ ಪಾತ್ರೆಗೆ ನನ್ನ ನೆರಳು ಬೀಳದ ಹಾಗೆ ನಡೆದ ಕಾಲು ನನ್ನದು. ಅವರ ಕಟ್ಟಳೆಯನ್ನು ನಾನೇ ಕಾಯುತ್ತಿದ್ದೆ, ನಾಚಿಕೆಗೇಡು.

"ಮಗಾ," ಅಂದೆ ಹುಡುಗಿಗೆ, "ಕುಡಿದ್ರೆ ತಿರುಗಿ ಹೋಗಾಕಾಗಲ್ಲ."

"ಅಕ್ಕನ್ ಹೊಟ್ಟೆನೋವು ನಾನು ದಿನಾ ನೋಡಿವ್ನಿ," ಅಂದಳು ಮುನಿಯಮ್ಮಾಳ್. ಎರಡೂ ಕೈ ಒಡ್ಡಿದಳು. "ಹಾಕು."

ಹಾಕಿದೆ. ಬಿಸಿಯಾಗಿತ್ತು. ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ಬಂದು, ಆದರೂ ಒಂದು ಮಣ್ಣಿನ ಬಟ್ಟಲು ಪೂರ್ತಿ ಕುಡಿದಳು. ಆ ಹೊತ್ತಿಗೆ ಗಂಡಸರು ಬೇಲಿಯ ಹತ್ತಿರ ಬಂದುಬಿಟ್ಟಿದ್ದರು. ಮುಂದೆ ಪೊನ್ನುಸಾಮಿ, ಹೊಸ ರುಮಾಲು ಸುತ್ತಿಕೊಂಡು. ಹಿಂದೆ ದೊಡ್ಡಗೌಡ, ಕಾಳಿಯಮ್ಮಾಳ್. ಹುಡುಗಿಯ ಗಲ್ಲದಲ್ಲಿ ಹರಿದ ಗಂಜಿಯನ್ನು ಎಲ್ಲರೂ ನೋಡಿದರು. ಯಾರೂ ಬೇಲಿ ದಾಟಲಿಲ್ಲ.

ಕಾಳಿಯಮ್ಮಾಳ್ ಮೊದಲು ಸುಧಾರಿಸಿಕೊಂಡಳು. ಕಿವಿಯ ಚಿನ್ನದ ಓಲೆ ಬಿಚ್ಚಿ ದೊಡ್ಡಗೌಡನ ಕಡೆ ಚಾಚಿದಳು.

"ಏನೂ ಆಗಿಲ್ಲ ಗೌಡ್ರೆ. ಚಿನ್ನ ಕಾಯ್ಸಿ ನಾಲ್ಗೆ ಸುಟ್ರೆ ಕುಲಕ್ಕೆ ಸೇರಿಸ್ಕೊಳೋದು ಐತಲ್ಲ. ನಮ್ ಹಿರೀಕರು ಮಾಡವ್ರೆ. ಇಲ್ಲೇ ಒಲೆ ಐತೆ. ಹಿಡ್ಕೊಳ್ರೋ ಅವ್ಳ್ನ."

ದೊಡ್ಡಗೌಡ ಓಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಗಲಿ ಅನ್ನುವ ಹಾಗೆ ತಲೆಯಾಡಿಸಿದ. ಪೊನ್ನುಸಾಮಿ ರುಮಾಲು ತೆಗೆದು ಪಕ್ಕದವನಿಗೆ ಕೊಟ್ಟು ತೋಳು ಮಡಿಸಿಕೊಂಡ. ತಂಗಮ್ಮಾಳ್ ನನ್ನ ಒಗೆಯುವ ದೊಣ್ಣೆ ಎತ್ತಿಕೊಂಡು ತಂಗಿಯ ಮುಂದೆ ನಿಂತಳು. ನೆಲ ಹಿಡಿದುಕೊಂಡು ಅಯ್ಯನಾರ್ ಕೂಡ ಎದ್ದ.

ಹುಡುಗಿ ಅಕ್ಕನ ಬೆನ್ನಿನ ಪಕ್ಕದಿಂದ ಮುಂದೆ ಬಂದು ಬಟ್ಟಲನ್ನು ನನ್ನ ಕಡೆ ಚಾಚಿದಳು.

"ಸುಡ್ಲಿ," ಅಂದಳು. "ನಾಲ್ಗೆ ಆರಿದ ದಿನ ತಿರ್ಗಾ ಬಂದು ಕುಡಿತೀನಿ. ಎಷ್ಟು ಸಲ ಸುಡ್ತಾರೆ ನೋಡ್ತೀನಿ. ಅತ್ತೆ, ಇನ್ನೊಂದಿಷ್ಟು ಹಾಕು."

ಒಕ್ಕಲಿಗರ ಹೆಣ್ಣು ಅಗಸಗಿತ್ತಿಯನ್ನು ಅತ್ತೆ ಅಂದದ್ದನ್ನು ಆ ಕಣಿವೆಯಲ್ಲಿ ಯಾರೂ ಕೇಳಿರಲಿಲ್ಲ. ಪೊನ್ನುಸಾಮಿ ಬೇಲಿಯೊಳಗೆ ಕಾಲಿಟ್ಟ. ಮಡಕೆಯಲ್ಲಿ ಇನ್ನೂ ಗಂಜಿ ಇತ್ತು. ನಾನು ಅವಳ ಬಟ್ಟಲಿಗೆ ಹಾಕಿದೆ.